ಬೆಣೆಯಪ್ಪನ ಹೆಂಡತಿ

ಗಂಡ ಬದುಕಿದ್ದಾಗ ಅವಳನ್ನು ಬೆಣೆಯಪ್ಪನ ಹೆಂಡತಿ ಎನ್ನುತ್ತಿದ್ದರು. ಅವನು ಸತ್ತು ಪುಸ್ತಕವಾದ ಮೇಲೆ ವೀರನ ಹೆಂಡತಿ ಎಂದರು. ಎರಡೂ ಅವಳನ್ನು ಕೇಳಿ ಇಟ್ಟ ಹೆಸರಲ್ಲ. ಯಾವುದು ವಾಸಿ ಎಂದು ಯಾರಾದರೂ ಕೇಳಿದ್ದರೆ ಮೊದಲನೆಯದೇ ಎನ್ನುತ್ತಿದ್ದಳು. ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಬೆಣೆಯಪ್ಪ ಎಂಬುದು ಐಸ್ ಫ್ಯಾಕ್ಟರಿಯವರು ಗೇಲಿಗೆ ಇಟ್ಟ ಹೆಸರು. ಅವನು ಅಲ್ಲಿ ಮಷೀನು ನೋಡಿಕೊಳ್ಳುವವನು. ಐಸಿನ ಗಡ್ಡೆಗಳನ್ನು ಪೇರಿಸಿಡುವ ಕೋಲ್ಡ್ ರೂಮಿಗೆ ಒಂದೇ ಬಾಗಿಲು. ಹೊರಗೂ ಒಳಗೂ ತಗಡು, ನಡುವೆ ಗೇಣು ದಪ್ಪದ ಬೆಂಡು. ಹೊರಗಿನಿಂದ ಎಳೆದರೆ ಒಲ್ಲದ ಮನಸ್ಸಿನಿಂದ ತೆರೆದುಕೊಳ್ಳುತ್ತಿತ್ತು. ಬಿಟ್ಟರೆ ತನ್ನ ಭಾರಕ್ಕೆ ತಾನೇ ಬಂದು ಕಚ್ಚಿಕೊಳ್ಳುತ್ತಿತ್ತು. ಒಳಗಿನಿಂದ ತೆಗೆಯಲು ಒಂದು ಹಿಡಿ ಇತ್ತು. ಆ ಹಿಡಿಯ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಆದ್ದರಿಂದ ತಾನೇ ಕೆತ್ತಿದ ಮರದ ಬೆಣೆಯೊಂದನ್ನು ಸೊಂಟಕ್ಕೆ ದಾರ ಕಟ್ಟಿ ತೂಗಿಸಿಕೊಂಡಿರುತ್ತಿದ್ದ. ಒಳಗೆ ಕಾಲಿಡುವ ಮೊದಲು ಬಗ್ಗಿ, ಬಾಗಿಲಿನ ಸಂದಿಗೆ ಅದನ್ನು ಸಿಕ್ಕಿಸಿ, ಕಾಲಿನಿಂದ ಒಮ್ಮೆ ಒದ್ದು ನೋಡಿ, ಆಮೇಲೆ ಹೋಗುತ್ತಿದ್ದ. ಉಳಿದವರು ನಗುತ್ತಿದ್ದರು. ಮದುವೆಯ ದಿನ ಕೋಣೆಯ ಬಾಗಿಲಿಗೂ ಬೆಣೆ ಇಟ್ಟಿದ್ದೆಯೇನೋ ಎಂದು ಒಬ್ಬ ಕೇಳಿದ. "ಇಟ್ಟಿದ್ದೆ ಕಣೋ, ಆದ್ರೂ ಹಾಕ್ಕೊಂಡ್ಬಿಡ್ತು" ಎಂದ ಬೆಣೆಯಪ್ಪ. ಆ ಮಾತನ್ನು ಅವನೇ ಮನೆಗೆ ಬಂದು ಹೆಂಡತಿಗೆ ಒಪ್ಪಿಸಿದ. ಅವಳು ಕೈಯಲ್ಲಿದ್ದ ಸೌಟು ತೋರಿಸಿ ಗದರಿಸಿದಳು, ಮುಖ ತಿರುಗಿಸಿಕೊಂಡು ನಕ್ಕಳು. ಅಂಜುಬುರುಕ ಗಂಡ ಎಂದು ಅವಳಿಗೇನೂ ಅವಮಾನವಿರಲಿಲ್ಲ. ಅಂಜುವವನು ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನೆ ಎಂಬುದು ಅವಳ ಲೆಕ್ಕ.

ಲೆಕ್ಕ ತಪ್ಪಿದ್ದು ಒಂದು ಬೇಸಿಗೆಯಲ್ಲಿ. ಐಸಿಗೆ ಗಿರಾಕಿ ಹೆಚ್ಚಿತ್ತು; ಬಾಗಿಲು ತೆರೆದಿಟ್ಟರೆ ತಂಡಿ ಸೋರಿ ಗಡ್ಡೆ ಕರಗುತ್ತದೆ, ಕರೆಂಟು ದಂಡ ಎಂದು ಮೇಸ್ತ್ರಿ ಹಾರಾಡುತ್ತಿದ್ದ. ಬೆಣೆಯನ್ನು ದಾರಸಮೇತ ಕಿತ್ತು ಚರಂಡಿಗೆ ಎಸೆದ. ಅದೇ ವಾರ ಒಳಗಿನ ಕೊಳವೆ ಬಾಯಿಬಿಟ್ಟು ಗ್ಯಾಸು ನುಗ್ಗಿತು. ಎಲ್ಲರೂ ಮೂಗು ಮುಚ್ಚಿಕೊಂಡು ಬೀದಿಗೆ ಓಡಿದರು. ಬೆಣೆಯಪ್ಪ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಿ ವಾಲ್ವು ತಿರುಗಿಸಿದ. ಅದು ನಿಜ. ವಾಲ್ವು ತಿರುಗಿಸುವುದು ಅವನ ಕೆಲಸ, ಮಾಡಿದ. ಕೆಲಸ ಮುಗಿಸಿ ಹೊರಗೆ ಬರಲು ತಿರುಗಿದಾಗ ಬಾಗಿಲು ಕಚ್ಚಿಕೊಂಡಿತ್ತು. ಹಿಡಿ ಎಳೆದ. ಹಿಡಿ ಕೈಗೇ ಬಂತು. ಬೀದಿಗೆ ಓಡಿದವರಿಗೆ ಬಡಿದ ಸದ್ದು ಕೇಳಿಸಲಿಲ್ಲ. ಗೇಣು ದಪ್ಪದ ಬೆಂಡು ಇರುವುದೇ ಒಳಗಿನದು ಹೊರಗೆ ಬಾರದ ಹಾಗೆ ನೋಡಿಕೊಳ್ಳಲು.

ಕೊನೆಗೆ ಬಾಗಿಲು ತೆಗೆದವನು ಐಸಿನ ಗಾಡಿ ಹೊಡೆಯುವವನು. ಬಾಗಿಲಿಗೆ ಒರಗಿಕೊಂಡಿದ್ದ ಹೆಣ ತನ್ನ ಕಾಲ ಮೇಲೇ ಬಿತ್ತು ಎಂದು ಅವನು ಅವಳ ಮುಂದೆ ಹೇಳಿದ. ಅವನು ಹೇಳದಿದ್ದರೂ ಅವಳಿಗೆ ತಿಳಿಯುತ್ತಿತ್ತು. ಹೆಣವನ್ನು ಮನೆಗೆ ತಂದಾಗ ಅವಳು ಮುಖ ನೋಡುವುದಕ್ಕೆ ಮೊದಲು ಕೈ ನೋಡಿದಳು. ಉಗುರುಗಳು ಇರಲಿಲ್ಲ.

ಅವರ ಮನೆಯ ಮಹಡಿಯ ಕೋಣೆಯಲ್ಲಿ ಆಗ ಒಬ್ಬ ವಿಜ್ಞಾನದ ಮೇಷ್ಟ್ರು ಬಾಡಿಗೆಗಿದ್ದರು. ಒಂಟಿ ಮನುಷ್ಯ, ಒಳ್ಳೆಯವರು, ಸದಾ ನಕ್ಷತ್ರ ಗ್ರಹಗಳ ಮಾತು. ಕಥೆ ಬರೆಯುತ್ತಿದ್ದರು, ಯಾವ ಪತ್ರಿಕೆಯೂ ಹಾಕುತ್ತಿರಲಿಲ್ಲ. ಬೆಣೆಯಪ್ಪ ಸತ್ತ ಮೇಲೆ ಕೆಳಗಿಳಿದು ಬಂದು ಅವಳೆದುರು ಕುಳಿತು, ಏನಾಯಿತೆಂದು ಕೇಳಿದರು. ಅವಳು ಒಂದೂ ಬಿಡದೆ ಹೇಳಿದಳು. ಬೆಣೆ, ಮೇಸ್ತ್ರಿ, ಹಿಡಿ, ಉಗುರು. ಮೇಷ್ಟ್ರು ಅತ್ತರು. ಅಷ್ಟು ಅತ್ತ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಮಾರನೆಯ ವರ್ಷ ಕಾದಂಬರಿ ಬಂತು.

ಕಾದಂಬರಿ ಕೆಟ್ಟದ್ದಲ್ಲ. ಕೆಟ್ಟದ್ದಾಗಿದ್ದರೆ ಇಷ್ಟು ಕೇಡಾಗುತ್ತಿರಲಿಲ್ಲ. ಸೂರ್ಯ ಆರುತ್ತ ಬಂದ ದೂರದ ಗ್ರಹವೊಂದರಲ್ಲಿ ಮಂಜಿನ ಕೆಳಗೆ ಒಂದು ನಗರ. ಆ ನಗರವನ್ನು ಬೆಚ್ಚಗಿಡುವುದು ಒಂದೇ ಯಂತ್ರ. ಆ ಯಂತ್ರ ಕಾಯುವವನು ಹೆಸರಿಲ್ಲದ ಒಬ್ಬ ಸೇವಕ. ಒಂದು ದಿನ ಯಂತ್ರದ ಎದೆ ಒಡೆದು ವಿಷದ ಹಬೆ ಏಳುತ್ತದೆ. ಸೇವಕ ಒಳಗೆ ಹೋಗುತ್ತಾನೆ. ಹಬೆ ನಗರಕ್ಕೆ ಹರಿಯದಿರಲೆಂದು, ತಿರುಗಿ ಒಮ್ಮೆ ಜನರನ್ನು ನೋಡಿ, ತನ್ನ ಕೈಯಾರೆ ಬಾಗಿಲು ಎಳೆದುಕೊಳ್ಳುತ್ತಾನೆ. ಶತಮಾನಗಳ ಮೇಲೆ ಮಕ್ಕಳು ಆ ಬಾಗಿಲಿನ ಮುಂದೆ ನಿಂತು ಒಳಗೆ ಯಾರಿದ್ದಾರೆ ಎಂದು ಕೇಳುತ್ತಾರೆ, ನಾವೆಲ್ಲರೂ ಇದ್ದೇವೆ ಎಂದು ಹಿರಿಯರು ಹೇಳುತ್ತಾರೆ. ಓದಿದವರು ಆ ಪುಟದಲ್ಲಿ ತಡೆದು ಕಣ್ಣೊರೆಸಿಕೊಂಡರು. ಅವಳೂ ಓದಿದಳು, ಕಣ್ಣೊರೆಸಿಕೊಳ್ಳಲಿಲ್ಲ. ಮಹಡಿ ಹತ್ತಿ ಹೋಗಿ, ಬಾಗಿಲನ್ನು ಅವರು ಎಳೆದುಕೊಳ್ಳಲಿಲ್ಲವಲ್ಲ ಎಂದಳು.

ಮೇಷ್ಟ್ರು ತುಂಬ ಮೆತ್ತಗೆ ಹೇಳಿದರು. "ತಂಗೀ, ಹಿಡಿ ಮುರಿದು ಸತ್ತ ಅಂದ್ರೆ ಅದು ಸುದ್ದಿ. ಸುದ್ದೀನ ನಾಳೆಗೆ ಯಾರೂ ನೆನಪಿಡಲ್ಲ. ನಿನ್ನ ಮಗ ದೊಡ್ಡವನಾದಾಗ ಅವನ ಕೈಗೆ ಏನು ಕೊಡ್ತೀಯ, ಮುರಿದ ಹಿಡೀನಾ?"

ಮಗ ಆಗ ಇನ್ನೂ ತೆವಳುತ್ತಿದ್ದ. ಅವಳು ಮಹಡಿ ಇಳಿದು ಬಂದಳು. ಮೇಷ್ಟ್ರು ಬಾಯಲ್ಲಿ ಹೇಳಿ ಸುಮ್ಮನಾಗಲೂ ಇಲ್ಲ. ಪುಸ್ತಕದ ಪ್ರಕಾಶಕರಿಗೆ ಹೇಳಿ, ಅವರ ಮುದ್ರಣಾಲಯದ ಬೈಂಡಿಂಗ್ ಮನೆಯಲ್ಲಿ ಅವಳಿಗೆ ಕೆಲಸ ಕೊಡಿಸಿದರು. ಅನ್ನ ಕೊಟ್ಟವರ ತಪ್ಪು ಹಿಡಿಯುವುದು ಹೇಗೆ? ನುಂಗಲಾರದ ತುತ್ತಾದರೂ ತುತ್ತೇ.

ಬೈಂಡಿಂಗ್ ಮನೆ ಎಂದರೆ ಮುದ್ರಣಾಲಯದ ಹಿಂದಿನ ಉದ್ದನೆಯ ಕೋಣೆ. ಅಚ್ಚಾದ ದೊಡ್ಡ ಹಾಳೆಗಳು ಒಂದು ತುದಿಯಿಂದ ಬರುತ್ತವೆ, ಪುಸ್ತಕಗಳು ಇನ್ನೊಂದು ತುದಿಯಿಂದ ಹೋಗುತ್ತವೆ. ನಡುವೆ ಹೆಂಗಸರು. ಅವಳ ಕೆಲಸ ಹಾಳೆ ಮಡಿಸುವುದು: ಮೂಳೆಯ ಚಪ್ಪಟೆ ಪಟ್ಟಿಯಿಂದ ಒತ್ತಿ ಒಂದು ಮಡಿಕೆ, ತಿರುಗಿಸಿ ಇನ್ನೊಂದು, ಮತ್ತೊಂದು, ಅಲ್ಲಿಗೆ ಹದಿನಾರು ಪುಟ, ಅದೊಂದು ಫಾರಂ. ಪಕ್ಕದಲ್ಲಿ ಕುಳಿತವಳು ಪುಸ್ತಕದ ಬೆನ್ನಿಗೆ ಅಂಟು ಬಳಿಯುವವಳು. ಅವಳನ್ನು ಅಂಟಮ್ಮ ಎನ್ನುತ್ತಿದ್ದರು, ಕೆಲಸದಿಂದಲೂ ಹೌದು, ಹಿಡಿದ ಮಾತು ಬಿಡದ ಗುಣದಿಂದಲೂ ಹೌದು. ಅಂಟಮ್ಮನಿಗೂ ಗಂಡನಿರಲಿಲ್ಲ. ಸತ್ತಿರಲಿಲ್ಲ, ಎಲ್ಲಿಗೋ ಎದ್ದು ಹೋಗಿದ್ದ. "ನಿನ್ನ ಗಂಡ ಹೋದ್ರೂ ಪುಸ್ತಕ ಆದ ಅಕ್ಕ. ನಮ್ಮೋನು ಹೋದೋನು ಒಂದು ಕಾಗದಾನೂ ಆಗ್ಲಿಲ್ಲ" ಎನ್ನುವಳು.

ಕಾದಂಬರಿ ಮುದ್ರಣದ ಮೇಲೆ ಮುದ್ರಣ ಕಂಡಿತು. ಪ್ರತಿ ಸಲವೂ ಅದನ್ನು ಮಡಿಸಿದವಳು ಅವಳೇ. ಮಡಿಸದ ಹಾಳೆಯಲ್ಲಿ ಪುಟಗಳು ಹಿಂದುಮುಂದಾಗಿ, ಕೆಲವು ತಲೆಕೆಳಗಾಗಿ ಇರುತ್ತವೆ. ಗಂಡ ಬಾಗಿಲು ಎಳೆದುಕೊಳ್ಳುವ ಪುಟದ ಎದುರಿಗೆ ಅವನಿನ್ನೂ ಊಟ ಮಾಡುತ್ತಿರುವ ಪುಟ ತಲೆಕೆಳಗಾಗಿ ಕುಳಿತಿರುತ್ತಿತ್ತು. ಮಡಿಸಿದರೆ ಎಲ್ಲ ಸರಿಯಾಗಿ, ಊಟ ಮೊದಲು, ಸಾವು ಆಮೇಲೆ. ಮಡಿಸಿ ಮಡಿಸಿ ಅವಳ ಕೈಗೆ ಆ ಸಾವು ಬಾಯಿಪಾಠವಾಯಿತು. ಬೇಸರವಾಗುತ್ತಿರಲಿಲ್ಲವೇ ಎಂದರೆ, ಆಗುತ್ತಿರಲಿಲ್ಲ. ಹತ್ತಿಪ್ಪತ್ತು ಸಾವಿರ ಸಲ ಸತ್ತವನಿಗೆ ಯಾರು ತಾನೇ ಅಳುತ್ತಾರೆ?

ಪುಸ್ತಕ ಪಠ್ಯವಾಯಿತು. ಅಲ್ಲಿಗೆ ಅದು ಓದುವವರ ಕೈಯಿಂದ ಪರೀಕ್ಷೆ ಮಾಡುವವರ ಕೈಗೆ ಬಿತ್ತು. ಯಂತ್ರ ಯಾವುದರ ಸಂಕೇತ, ಹಬೆ ಯಾವುದರ ಸಂಕೇತ, ಮುಚ್ಚಿದ ಬಾಗಿಲು ಯಾವುದರ ಸಂಕೇತ? ಮೊದಲನೆಯದು ನಾಗರಿಕತೆ, ಎರಡನೆಯದು ದುರಾಸೆ, ಮೂರನೆಯದು ತ್ಯಾಗ. ಬಾಗಿಲು ಎಂದರೆ ಬಾಗಿಲು ಎಂದು ಬರೆದವನಿಗೆ ಸೊನ್ನೆ. ಅವಳ ಮಗ ಆ ಪ್ರಶ್ನೆಗೆ ತರಗತಿಯಲ್ಲೇ ಹೆಚ್ಚು ಅಂಕ ತೆಗೆದ. ಬೆಣೆಯಪ್ಪನ ಮಗ ಎಂದು ಯಾರೂ ಅವನನ್ನು ಕರೆದವರಿಲ್ಲ. ಆ ಹೆಸರು ಅವನು ಮಾತು ಕಲಿಯುವ ಮೊದಲೇ ಊರಿಗೆ ಮರೆತುಹೋಗಿತ್ತು. ಹುಡುಗರು ಹೀರೋ ಎನ್ನುತ್ತಿದ್ದರು. ಅವನು ಆ ಹೆಸರಿಗೆ ತಕ್ಕ ಹಾಗೆ ಬೆನ್ನು ನೆಟ್ಟಗೆ ಮಾಡಿ ನಡೆಯುವುದನ್ನು ಕಲಿತ.

ಓದು ಮುಗಿಸಿದ ಮೇಲೆ ಅವನು ಅಪ್ಪನ ಫ್ಯಾಕ್ಟರಿಗೇ, ಅಪ್ಪನ ಮಷೀನಿಗೇ ಸೇರುತ್ತೇನೆ ಎಂದಾಗ ಅವಳು ಬೇಡ ಎಂದಳು. ಬೇರೆ ಎಲ್ಲಾದರೂ ಸೇರು ಎಂದಳು. ಏಕೆ ಎಂದು ಅವನು ಕೇಳಿದ. ಅಮ್ಮನಿಗೆ ಹೆದರಿಕೆ ಎಂದು ತಾನೇ ಉತ್ತರ ಹೇಳಿಕೊಂಡು ಅವಳ ಬೆನ್ನು ತಟ್ಟಿದ. ಮಾಲೀಕನಂತೂ ಎರಡೂ ಕೈಯಿಂದ ಬರಮಾಡಿಕೊಂಡ. ವೀರನ ಮಗ ವೀರನ ಜಾಗದಲ್ಲಿ. ಫ್ಯಾಕ್ಟರಿ ನೋಡಲು ಬರುವ ಕಾಲೇಜು ಮಕ್ಕಳಿಗೆ ತೋರಿಸಲು ಇದಕ್ಕಿಂತ ಏನು ಬೇಕು? ಕೋಲ್ಡ್ ರೂಮಿನ ಬಾಗಿಲ ಮೇಲೆ ಕಾದಂಬರಿಯ ಒಂದು ಸಾಲನ್ನು ಆಗಲೇ ನೀಲಿ ಬಣ್ಣದಲ್ಲಿ ಬರೆಸಿದ್ದ.

ಮಗ ಒಂದು ದಿನ ಕನ್ನಡಕ ಮರೆತು ಹೋಗಿದ್ದ. ಕೊಡಲೆಂದು ಅವಳು ಫ್ಯಾಕ್ಟರಿಗೆ ಹೋದಳು. ಗಂಡ ಸತ್ತ ಮೇಲೆ ಆ ಗೇಟು ದಾಟಿದ್ದು ಅದೇ ಮೊದಲು. ಅದೇ ಒದ್ದೆ ನೆಲ, ಅದೇ ಮಷೀನಿನ ಗುಡುಗು, ಮೂಗಿನ ತುದಿ ಸುಡುವ ಅದೇ ವಾಸನೆ. ಮಗ ಕೋಲ್ಡ್ ರೂಮಿನ ಮುಂದೆ ನಿಂತಿದ್ದ. ಅವಳು ನೋಡುತ್ತಿದ್ದಂತೆಯೇ ಒಳಗೆ ಕಾಲಿಟ್ಟ, ಅರ್ಧ ತಿರುಗಿ ಹೊರಗಿನವರನ್ನು ಒಮ್ಮೆ ನೋಡಿದ, ಕೈಯಾರೆ ಬಾಗಿಲು ಎಳೆದುಕೊಂಡ. ಪುಸ್ತಕದಲ್ಲಿ ಇದ್ದ ಹಾಗೆಯೇ. ಬಾಗಿಲು ಕಚ್ಚಿಕೊಂಡಿತು.

ಅವಳು ಬಾಗಿಲಿನ ಹತ್ತಿರಕ್ಕೆ ಹೋದಳು. ಪಕ್ಕದಲ್ಲಿ ಗಡ್ಡೆ ಎಳೆಯುತ್ತಿದ್ದ ಕೂಲಿಯವನನ್ನು, ಬೆಣೆ ಎಲ್ಲಿ ಎಂದು ಕೇಳಿದಳು. ಅವನಿಗೆ ಅರ್ಥವಾಗಲಿಲ್ಲ. ಬಾಗಿಲಿಗೆ ಅಡ್ಡ ಏನಾದರೂ ಇಡುವುದಿಲ್ಲವೇ ಎಂದು ಬಿಡಿಸಿ ಕೇಳಿದಳು. ಅವನು ನಕ್ಕ. "ಅಯ್ಯೋ ತಾಯಿ, ಇಲ್ಲಿ ಬಾಗಿಲಿಗೆ ಏನಾದ್ರೂ ಅಡ್ಡ ಇಟ್ಟೋನನ್ನ ಗಂಡ್ಸು ಅಂತ ಲೆಕ್ಕಕ್ಕೇ ಹಿಡಿಯಲ್ಲ. ನಿಮ್ಮ ಯಜಮಾನರು ಹಾಕಿಕೊಟ್ಟ ದಾರಿ ಅಲ್ವಾ ಇದು?"

ಮಗ ಹೊರಗೆ ಬಂದ ಮೇಲೆ ಅವಳು ಯಾರನ್ನೂ ಕೇಳದೆ ಬಾಗಿಲಿನ ಒಳಮೈಯ ಹಿಡಿಯನ್ನು ಹಿಡಿದು ಅಲ್ಲಾಡಿಸಿದಳು. ಹೊಸದೇ, ಆದರೆ ಅದೂ ಸಡಿಲ. ಮೊಳೆಗಳು ಬೆಂಡಿನಲ್ಲಿ ನಿಲ್ಲದೆ ಅವುಗಳ ತೂತು ದೊಡ್ಡದಾಗಿತ್ತು. ಮಗನಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಹೇಳಿದವರು ಯಾರೂ ಇಲ್ಲ. ಹಿಡಿ ಸಡಿಲವಾಗಿದೆ ಎಂದು ದೂರುವುದು ಆ ಫ್ಯಾಕ್ಟರಿಯಲ್ಲಿ ಹೇಡಿಯ ಲಕ್ಷಣ. ಅಮ್ಮ ಎಲ್ಲರೆದುರು ಹಾಗೆ ಬಾಗಿಲು ಅಲ್ಲಾಡಿಸಿದ್ದಕ್ಕೆ ಮಗ ಕಿವಿಯವರೆಗೆ ಕೆಂಪಾದ.

ಅಂದು ಸಂಜೆ ಅವನು ಊಟಕ್ಕೆ ಕುಳಿತಾಗ ಅವಳು ಎದುರಿಗೆ ಕುಳಿತು ಎಲ್ಲ ಹೇಳಿದಳು. ಮೇಷ್ಟ್ರಿಗೆ ಹೇಳಿದಷ್ಟೇ, ಅದೇ ಕ್ರಮದಲ್ಲಿ. ಬೆಣೆ, ಮೇಸ್ತ್ರಿ, ಹಿಡಿ, ಉಗುರು. ಅವನು ತುತ್ತು ಹಿಡಿದ ಕೈಯನ್ನು ತಟ್ಟೆಯ ಮೇಲೆ ಇಟ್ಟುಕೊಂಡು ಕೇಳಿದ.

"ನೀನು ಅಲ್ಲಿದ್ಯಾ ಅಮ್ಮ?"

"ಇರಲಿಲ್ಲ. ಅವರ ಕೈ ನೋಡಿದೀನಿ."

"ಒಳಗೆ ಏನಾಯ್ತು ಅಂತ ಕೈ ನೋಡಿ ಹೇಳೋಕಾಗುತ್ತಾ? ಅಷ್ಟು ಓದಿದ ಮೇಷ್ಟ್ರು ಸುಮ್ಮನೆ ಬರೀತಾರಾ?"

"ಅವರಿಗೆ ಹೇಳಿದವಳೂ ನಾನೇ ಕಣೋ."

ಅವನು ಹಿಡಿದ ತುತ್ತನ್ನು ತಟ್ಟೆಗೇ ಬಿಟ್ಟ. "ಊರೆಲ್ಲ ಅಪ್ಪನ್ನ ಹುಲಿ ಅಂತಾರೆ. ಹೆಂಡತಿಯಾಗಿ ನೀನು ಬೋನಿಗೆ ಬಿದ್ದ ಇಲಿ ಅಂತಿದೀಯ."

"ಇಲಿ ಅಲ್ಲ. ಮನೆಗೆ ಬರಬೇಕು ಅಂತಿದ್ದ ಮನುಷ್ಯ. ಒಂದು ಚೂರು ಮರ ಇಟ್ಟು ಹೋಗು ಅಂದ್ರೆ ನಿನಗೆ ಕಷ್ಟ ಏನು?"

ಅವನು ಕೈ ತೊಳೆದುಕೊಂಡು ಎದ್ದ. ಕಷ್ಟವೇನೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಬೇರೆ ಯಾರಾದರೂ ಬೆಣೆ ಇಟ್ಟರೆ ನಗೆ. ಅವನು ಇಟ್ಟರೆ ಕಾದಂಬರಿಯೇ ಸುಳ್ಳು. ಒಂದು ಚೂರು ಮರಕ್ಕೆ ಅಷ್ಟು ಭಾರ ಹೊರಿಸಿದ್ದರು.

ಫ್ಯಾಕ್ಟರಿಗಳ ತಪಾಸಣೆ ಮಾಡುವ ಕಚೇರಿಗೆ ಹೋದಳು. ಅಧಿಕಾರಿ ಅವಳು ಯಾರೆಂದು ತಿಳಿದೊಡನೆ ಎದ್ದು ನಿಂತ, ಕುರ್ಚಿ ಎಳೆದು ಕೂರಿಸಿದ, ತಾನು ಕಾದಂಬರಿಯನ್ನು ಮೂರು ಸಲ ಓದಿದ್ದೇನೆ, ಈ ಕೆಲಸಕ್ಕೆ ಸೇರಲು ಅದೇ ಸ್ಫೂರ್ತಿ ಎಂದ. ಹಿಡಿಯ ಮಾತು ಎತ್ತಿದಾಗ, ಆ ಫ್ಯಾಕ್ಟರಿಗೆ ಎಲ್ಲ ಸರಿಯಿದೆ ಎಂಬ ಪ್ರಮಾಣಪತ್ರ ಇದೆ ಎಂದ. ಹೊರಡುವಾಗ ಗೇಟಿನವರೆಗೂ ಬಂದು ಬೀಳ್ಕೊಟ್ಟ. ಮರ್ಯಾದೆಗೇನೂ ಕಡಿಮೆ ಇರಲಿಲ್ಲ.

ಇನ್ನು ಉಳಿದದ್ದು ಮೇಷ್ಟ್ರು. ಮಗ ನಂಬುವುದಿದ್ದರೆ ಅವರ ಬಾಯಿಂದ ಬಂದರೆ ನಂಬಬೇಕು. ಮೇಷ್ಟ್ರಿಗೆ ಈಗ ದೊಡ್ಡ ಮನೆ, ಗೋಡೆ ತುಂಬ ಬಿರುದುಗಳು. ಅವರು ಅವಳನ್ನು ಪ್ರೀತಿಯಿಂದಲೇ ಕೂರಿಸಿಕೊಂಡರು. ಮಗನನ್ನು ಕರೆದು ನಿಜ ಹೇಳಬೇಕು, ಅಷ್ಟು ಸಾಕು, ಪುಸ್ತಕದ ಒಂದಕ್ಷರವನ್ನೂ ತಿದ್ದುವುದು ಬೇಡ ಎಂದು ಅವಳು ಕೇಳಿಕೊಂಡಳು. ಅವರು ಹುಬ್ಬು ಗಂಟಿಕ್ಕಿ ಅವಳನ್ನೇ ನೋಡಿದರು. ಆ ನೋಟದಲ್ಲಿ ಮೋಸವಿರಲಿಲ್ಲ. ಅವಳಿಗೆ ಭಯವಾದದ್ದು ಅದಕ್ಕೇ. ಅವರಿಗೆ ನಿಜವಾಗಿಯೂ ಮರೆತುಹೋಗಿತ್ತು. ಸಭೆಯಿಂದ ಸಭೆಗೆ ಹೇಳುತ್ತ, ಬೆಣೆಯಪ್ಪ ಬಾಗಿಲು ಎಳೆದುಕೊಂಡದ್ದನ್ನು ಅವರು ಕಣ್ಣಾರೆ ಕಂಡವರಂತೆ ಆಗಿದ್ದರು. ಅವಳು ಬಿಡದೆ ನೆನಪಿಸಿದಾಗ ಕೊನೆಗೆ ಹೇಳಿದರು.

"ಇರಬಹುದು ತಂಗೀ. ಬಾಗಿಲು ಬಡಿದನೇ ಅಂತಿಟ್ಕೊ. ಆ ಬಡಿತವೂ ಒಂದು ಸಂಕೇತವೇ. ಮನುಷ್ಯ ಅನಂತದ ಬಾಗಿಲು ಬಡೀತಾನೆ. ಇದನ್ನ ಮುಂದಿನ ಮುದ್ರಣದ ಮುನ್ನುಡೀಲಿ ಬೇಕಾದ್ರೆ ಸೇರಿಸ್ತೀನಿ."

ಅವಳು ನೀರು ಕುಡಿದು ಎದ್ದು ಬಂದಳು.

ಮುಂದಿನ ಮುದ್ರಣ ದೂರವಿರಲಿಲ್ಲ. ಕಾದಂಬರಿಗೆ ಇಪ್ಪತ್ತೈದು ವರ್ಷ ತುಂಬಿತ್ತು. ರಟ್ಟು ಹಾಕಿ, ಬೆನ್ನಿಗೆ ಬಟ್ಟೆ ಕಟ್ಟಿ ವಿಶೇಷ ಆವೃತ್ತಿ ತರಬೇಕೆಂದು ಪ್ರಕಾಶಕರು ಬೈಂಡಿಂಗ್ ಮನೆಗೆ ತಿಂಗಳ ಗಡುವು ಕೊಟ್ಟರು. ಬಿಡುಗಡೆಯ ಖರ್ಚು ಐಸ್ ಫ್ಯಾಕ್ಟರಿಯ ಮಾಲೀಕನದು. ಅವಳು ಹಗಲೆಲ್ಲ ಮಡಿಸಿದಳು. ಮಗ ಹಗಲೆಲ್ಲ ಬಾಗಿಲು ಎಳೆದುಕೊಂಡ. ಫ್ಯಾಕ್ಟರಿ ಬಿಡುವ ಹೊತ್ತಿಗೆ ಅವಳ ಕಿವಿ ಬೀದಿಯ ಕಡೆಗೇ ಇರುತ್ತಿತ್ತು. ಅಂಟಮ್ಮ ಅದನ್ನು ಗಮನಿಸಿ, ಇಷ್ಟು ವಯಸ್ಸಾದ ಮಗನನ್ನು ಕೋಳಿಮರಿಯ ಹಾಗೆ ಕಾಯುತ್ತೀಯಲ್ಲ, ಕೊಟ್ಟಿದ್ದರೆ ಆ ಕೆಲಸ ನಮ್ಮ ಹುಡುಗ ಕಣ್ಣಿಗೊತ್ತಿಕೊಂಡು ಮಾಡುತ್ತಿದ್ದ ಎಂದು ಚುಚ್ಚಿದಳು. ಅಂಟಮ್ಮನ ಎರಡನೆಯ ಮಗ ಕೆಲಸವಿಲ್ಲದೆ ಮನೆಯಲ್ಲಿದ್ದ.

ಬಿಡುಗಡೆಯ ಸಭೆ ನಡೆದದ್ದು ಕಾಲೇಜಿನ ಸಭಾಂಗಣದಲ್ಲಿ. ವೀರನ ಹೆಂಡತಿಯೆಂದು ಅವಳನ್ನು ವೇದಿಕೆಯ ಮೇಲೆ, ಮೇಷ್ಟ್ರ ಪಕ್ಕದಲ್ಲಿ ಕೂರಿಸಿದರು. ಮಗ ಮುಂದಿನ ಸಾಲಿನಲ್ಲಿ, ಮಾಲೀಕನ ಪಕ್ಕದಲ್ಲಿ. ಹೆಸರಾಂತ ಪ್ರೊಫೆಸರೊಬ್ಬರು ಕಾದಂಬರಿಯ ವೀರತ್ವ ಮತ್ತು ಸಂಕೇತಗಳ ಬಗ್ಗೆ ಮಾತಾಡಿದರು. ಹಳೆಯ ಕಾವ್ಯಗಳ ವೀರ ಕೊಂದು ದೊಡ್ಡವನಾಗುತ್ತಾನೆ, ಈ ಕಾದಂಬರಿಯ ವೀರ ಮುಚ್ಚಿಕೊಂಡು ದೊಡ್ಡವನಾಗುತ್ತಾನೆ ಎಂದರು. ತಂಪು ಕೋಣೆ ಗರ್ಭವೂ ಹೌದು, ಸಮಾಧಿಯೂ ಹೌದು. ಹಬೆ ಕಾಲವೂ ಹೌದು, ಕಾಮವೂ ಹೌದು. ಅಷ್ಟೆಲ್ಲ ಆ ಕೋಣೆಯಲ್ಲಿ ಹಿಡಿಸಿದ್ದು ಹೇಗೆ ಎಂದು ಅವಳು ಯೋಚಿಸುತ್ತಿದ್ದಳು. ಗಡ್ಡೆ ಪೇರಿಸಿದ ಮೇಲೆ ಅಲ್ಲಿ ಒಬ್ಬ ಮನುಷ್ಯ ನೆಟ್ಟಗೆ ನಿಲ್ಲಲು ಮಾತ್ರ ಜಾಗವಿರುತ್ತಿತ್ತು.

ಕೊನೆಗೆ ತಾಯಿ ಎರಡು ಮಾತಾಡಲಿ ಎಂದರು. ಕೈ ಮುಗಿದು ಕುಳಿತುಬಿಡುತ್ತಾಳೆ ಎಂದೇ ಎಲ್ಲರೂ ತಿಳಿದಿದ್ದರು. ಅವಳು ಮೈಕಿನ ಮುಂದೆ ನಿಂತು ಮಗನನ್ನು ನೋಡಿಕೊಂಡು ಹೇಳಿದಳು.

"ಅವರು ಬಾಗಿಲು ಎಳ್ಕೊಳ್ಳಲಿಲ್ಲ. ಅದೇ ಹಾಕ್ಕೊಂಡಿತು. ದಿನಾ ಬೆಣೆ ಇಟ್ಟು ಹೋಗ್ತಿದ್ರು, ಆ ಬೆಣೇನ ಕಿತ್ತು ಬಿಸಾಕಿದ್ರು. ಅವರು ವಾಲ್ವ್ ತಿರುಗಿಸಿ, ಕೆಲಸ ಮುಗಿಸಿ, ಮನೆಗೆ ಹೊರಟಿದ್ರು. ಒಳಗಿನ ಹಿಡಿ ಮುರಿದಿತ್ತು. ಬಾಗಿಲು ಬಡಿದು ಬಡಿದು ಸತ್ರು. ಈಗಿರೋ ಹಿಡೀನೂ ಸಡಿಲ, ನಾನು ಕೈಯಾರೆ ನೋಡಿದೀನಿ. ನನ್ನ ಮಗ ದಿನಾ ಆ ಬಾಗಿಲು ಎಳ್ಕೊಂಡು ಒಳಗೆ ಹೋಗ್ತಾನೆ. ಇಷ್ಟು ಜನ ಓದಿದವರಿದೀರಿ. ಆ ಹಿಡಿ ಸರಿ ಮಾಡ್ಸಿ."

ಆಮೇಲೆ ಪ್ರೊಫೆಸರರು ಎದ್ದರು. ಅವಳಿಗೆ ಕೈ ಮುಗಿದರು. ಇಂದು ಈ ತಾಯಿ ಕಾದಂಬರಿಯ ಕೊನೆಯ ಅಧ್ಯಾಯವನ್ನು ನಮ್ಮ ಕಣ್ಣೆದುರು ಬರೆದರು, ಸಡಿಲವಾದ ಆ ಹಿಡಿ ನಮ್ಮ ಇಡೀ ಸಮಾಜದ ಹಿಡಿ, ಅದನ್ನು ಸರಿಪಡಿಸುವ ಹೊಣೆ ನಮ್ಮೆಲ್ಲರದು ಎಂದರು. ಚಪ್ಪಾಳೆ ಬಿದ್ದಿತು. ಮೇಷ್ಟ್ರು ಕಣ್ಣೊರೆಸಿಕೊಂಡರು. ಹಿಂದಿನ ಸಾಲಿನ ಹುಡುಗಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳು ಮೈಕು ಹಿಡಿದುಕೊಂಡು, ಇಲ್ಲ, ಹಿಡಿ ಅಂದರೆ ಬಾಗಿಲಿನ ಹಿಡಿ ಎಂದಳು. ಚಪ್ಪಾಳೆಯಲ್ಲಿ ಕೇಳಿಸಲಿಲ್ಲ.

ಅವಳ ಮಾತನ್ನು ಅದರ ಅರ್ಥದಲ್ಲೇ ತೆಗೆದುಕೊಂಡವನು ಆ ಸಭೆಯಲ್ಲಿ ಒಬ್ಬನೇ, ಫ್ಯಾಕ್ಟರಿಯ ಮಾಲೀಕ. ಅವನು ಕಾದಂಬರಿ ಓದಿರಲಿಲ್ಲ. ಆದ್ದರಿಂದ ಅವನಿಗೆ ಹಿಡಿ ಹಿಡಿಯಾಗಿಯೇ ಕೇಳಿಸಿತು. ಇಷ್ಟು ಜನರ ಮುಂದೆ, ಪತ್ರಿಕೆಯವರ ಮುಂದೆ, ತಾಯಿ ನನ್ನ ಮಗ ಎಂದು ಎತ್ತಿ ಹೇಳಿಬಿಟ್ಟಿದ್ದಾಳೆ. ನಾಳೆ ಆ ಮಗನಿಗೆ ಏನಾದರೂ ಆದರೆ ಸಂಕೇತ ಎಂದು ತಪ್ಪಿಸಿಕೊಳ್ಳುವಂತಿಲ್ಲ. ಬೇರೆಯವರ ಮಗನ ವಿಷಯ ಯಾರೂ ಏನೂ ಹೇಳಿಲ್ಲ. ಮರುದಿನವೇ ಅವಳ ಮಗನನ್ನು ಮಷೀನಿನಿಂದ ತೆಗೆದು ಮುಂದಿನ ಕೌಂಟರಿಗೆ, ಗಿರಾಕಿಗಳಿಗೆ ಚೀಟಿ ಹರಿದುಕೊಡುವ ಕೆಲಸಕ್ಕೆ ಹಾಕಿದ. ಸಂಬಳ ಅಷ್ಟೇ. ಹಿಡಿಗೆ ಯಾರೂ ಕೈ ಹಚ್ಚಲಿಲ್ಲ.

ಮಗ ಮನೆಗೆ ಬಂದು ಬಟ್ಟೆ ಕಟ್ಟಿಕೊಂಡ. ಗೆಳೆಯನ ಕೋಣೆಗೆ ಹೋಗುತ್ತೇನೆ ಎಂದ. ಅವಳು ಬಾಗಿಲಲ್ಲಿ ನಿಂತಿದ್ದಳು, ಅಡ್ಡ ನಿಂತಿರಲಿಲ್ಲ.

"ಗಡ್ಡೆ ಎಳೆಯೋರು ನನ್ನ ಏನಂತ ಕರೀತಾರೆ ಗೊತ್ತಾ ಈಗ?"

"ಏನಂತ?"

"ಅಮ್ಮನ ಮಗ ಅಂತ."

"ಅದರಲ್ಲಿ ಸುಳ್ಳೇನಿದೆ?"

ಅವನು ಬಟ್ಟೆಯ ಗಂಟು ಎತ್ತಿಕೊಂಡು ಹೊರಟ. ಅವಳು ಕೆಲಸಕ್ಕೆ ಹೋಗುವ ದಾರಿ ಬದಲಿಸಿ, ಫ್ಯಾಕ್ಟರಿಯ ಎದುರಿನ ಬೀದಿಯಿಂದ ಹೋಗತೊಡಗಿದಳು. ಕೌಂಟರಿನ ಜಾಲರಿಯ ಹಿಂದೆ ಅವನು ಚೀಟಿ ಹರಿಯುತ್ತಿರುತ್ತಿದ್ದ. ಬೆನ್ನು ಮೊದಲಿನಷ್ಟು ನೆಟ್ಟಗಿರಲಿಲ್ಲ. ಅವಳನ್ನು ಕಂಡರೆ ತಲೆ ಬಗ್ಗಿಸಿ ಏನೋ ಬರೆಯುವವನ ಹಾಗೆ ಮಾಡುತ್ತಿದ್ದ. ಬದುಕಿದ್ದ. ಅವಳಿಗೆ ಬೇಕಾಗಿದ್ದುದು ಅಷ್ಟೇ. ಅಷ್ಟೇ ಸಿಕ್ಕಿತು.

ಮಷೀನಿನ ಜಾಗ ಹೆಚ್ಚು ದಿನ ಖಾಲಿ ಇರಲಿಲ್ಲ. ಅಂಟಮ್ಮ ಒಂದು ಬೆಳಗ್ಗೆ ಬೈಂಡಿಂಗ್ ಮನೆಗೆಲ್ಲ ಸಿಹಿ ಹಂಚುತ್ತ ಬಂದಳು. ಎರಡನೆಯ ಮಗನಿಗೆ ಐಸ್ ಫ್ಯಾಕ್ಟರಿಯಲ್ಲಿ ಕೆಲಸವಾಯಿತು, ಮಷೀನಿನ ಕೆಲಸ, ಅದೇ ಮಷೀನು ಎಂದಳು. ಅವಳ ಕೈಗೂ ಒಂದು ತುಂಡು ಇಟ್ಟಳು. ಅವಳು ಅದನ್ನು ತಿನ್ನದೆ ಹಿಡಿದುಕೊಂಡೇ ಹೇಳಿದಳು. ಈ ಸಲ ಕಥೆ ಹೇಳಲಿಲ್ಲ, ಗಂಡನ ಸುದ್ದಿಯನ್ನೇ ಎತ್ತಲಿಲ್ಲ. ನಿನ್ನ ಮಗನಿಗೆ ಒಂದು ಬೆಣೆ ಕೆತ್ತಿಕೊಡು, ಯಾರು ನಕ್ಕರೂ ಬಾಗಿಲಿಗೆ ಅದನ್ನು ಇಟ್ಟೇ ಒಳಗೆ ಹೋಗು ಎಂದು ಹೇಳು, ಬೇಕಾದರೆ ನಾನೇ ಬಂದು ಹೇಳುತ್ತೇನೆ ಎಂದಳು.

ಅಂಟಮ್ಮನ ಮುಖದ ನಗೆ ಹಾಗೇ ಗಟ್ಟಿಯಾಯಿತು. ಡಬ್ಬಿಯ ಮುಚ್ಚಳ ಹಾಕಿದಳು.

"ನಿನ್ನ ಮಗ ಹೋದ್ರೆ ಹುಲಿ, ನಮ್ಮ ಮಗ ಮರ ಕಟ್ಕೊಂಡು ಹೋಗಬೇಕಾ ಅಕ್ಕ?"

"ನನ್ನ ಮಗಂಗೂ ಇದನ್ನೇ ಹೇಳಿದ್ದೆ. ಕೇಳಲಿಲ್ಲ."

"ಕೇಳಲಿಲ್ಲ ಅಂತ ವೇದಿಕೆ ಹತ್ತಿ ಅವನನ್ನ ಈಚೆಗೆ ಎಳ್ಕೊಂಡೆ. ಎಳ್ಕೊ, ತಾಯಿ ನೀನು, ಬೇಡ ಅನ್ನೋಕೆ ನಾನ್ಯಾರು. ಅವನ ಜಾಗಕ್ಕೆ ಹೋಗೋದು ಯಾರ ಮಗ ಅಂತ ಅವತ್ತು ಕೇಳಿದ್ಯಾ?"

ಅವಳು ಬಾಯಿ ತೆರೆದಳು. ಹಿಡಿ ಸರಿ ಮಾಡಿಸಿ ಎಂದು ತಾನು ಎಲ್ಲರಿಗಾಗಿಯೇ ಕೇಳಿದ್ದೆ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಕೇಳುವಾಗ ತನ್ನ ಕಣ್ಣು ಮುಂದಿನ ಸಾಲಿನ ಒಂದೇ ಕುರ್ಚಿಯ ಮೇಲಿತ್ತು ಎಂಬುದೂ ನಿಜ. ಅಂಟಮ್ಮ ಅವಳಿಗಾಗಿ ಕಾಯಲಿಲ್ಲ.

"ಪುಸ್ತಕದ ಸುದ್ದಿ ನನಗೆ ಬೇಡ. ಇಷ್ಟು ವರ್ಷ ನಿನ್ನ ಪಕ್ಕದಲ್ಲಿ ಕೂತು ನೋಡಿದೀನಿ. ಗಂಡ ಸತ್ತ, ನಿನಗೆ ಕೆಲಸ ಬಂತು, ಕುರ್ಚಿ ಬಂತು, ಎದ್ದು ನಿಲ್ಲೋ ಆಫೀಸರು ಬಂದ. ನಮ್ಮ ಹುಡುಗ ಬಾಗಿಲು ಎಳ್ಕೊಂಡೇ ಹೋಗ್ತಾನೆ. ಏನಾದ್ರೂ ಆದ್ರೆ ನಾನೂ ವೇದಿಕೆ ಮೇಲೆ ಕೂರ್ತೀನಿ. ನಿನ್ನ ಹಾಗೆ ಬಾಯಿ ಬಿಡಲ್ಲ."

ಸಭೆಯ ವರದಿ ಓದಿದವರೆಲ್ಲ ಪುಸ್ತಕ ಕೇಳುತ್ತಿದ್ದರು. ವಿಶೇಷ ಆವೃತ್ತಿ ಮುಗಿದು ಮತ್ತೆ ಅಚ್ಚಾಗುತ್ತಿತ್ತು, ಹಾಳೆಗಳ ಹೊರೆ ಆಗಲೇ ಮೇಜಿನ ಮೇಲೆ ಬಿದ್ದಿತ್ತು. ಮೇಷ್ಟ್ರು ಮುನ್ನುಡಿಗೆ ಒಂದು ಪ್ಯಾರಾ ಸೇರಿಸಿದ್ದರು. ಅವಳು ಕೈಯಲ್ಲಿದ್ದ ಸಿಹಿಯನ್ನು ಕಾಗದದ ಚೂರಿನಲ್ಲಿ ಸುತ್ತಿ ಪಕ್ಕಕ್ಕಿಟ್ಟು, ಮೊದಲ ಹಾಳೆ ಎಳೆದುಕೊಂಡು ಮಡಿಸಿದಳು. ಫಾರಮ್ಮುಗಳು ಒಂದು ಕಟ್ಟಾದಾಗ ಅಂಟಮ್ಮನ ಕಡೆಗೆ ಸರಿಸಿದಳು. ಅಂಟಮ್ಮ ಮುಖ ನೋಡದೆ ತೆಗೆದುಕೊಂಡು, ಅಂಚು ಸಮ ಮಾಡಿ, ಬೆನ್ನಿಗೆ ಅಂಟು ಬಳಿಯತೊಡಗಿದಳು.